ನೀರಿನ ಮಾತ್ರೆ ಸೇವಿಸುತ್ತಿದ್ದರೂ ಉಸಿರು ಕಟ್ಟುವುದೇಕೆ?

ಹೀಗೊಂದು ಮನೆಯನ್ನು ಊಹಿಸಿಕೊಳ್ಳಿ. ಮನೆಯ ಹಿರಿಯರಿಗೆ 68 ವರ್ಷ. ಎರಡು ವರ್ಷಗಳ ಹಿಂದೆ ಹೃದಯಾಘಾತವಾಗಿ ಚೇತರಿಸಿಕೊಂಡವರು. ಹೃದಯದ ಪಂಪಿಂಗ್ ಕಡಿಮೆಯಿದೆ ಎಂದು ಹೇಳಿ ವೈದ್ಯರು ನಾಲ್ಕೈದು ಬಗೆಯ ಮಾತ್ರೆಗಳನ್ನು ಬರೆದುಕೊಟ್ಟಿದ್ದಾರೆ. ಅವುಗಳಲ್ಲಿ ಒಂದು, ಮೂತ್ರ ಹೆಚ್ಚು ಹೋಗುವಂತೆ ಮಾಡುವ ಮಾತ್ರೆ. ಮನೆಯವರೆಲ್ಲ ಅದನ್ನು ‘ನೀರಿನ ಮಾತ್ರೆ’ ಎಂದೇ ಕರೆಯುತ್ತಾರೆ.

ಗುರುವಾರ ಸಂಬಂಧಿಕರ ಮನೆಯಲ್ಲಿ ಮದುವೆ. ನಾಲ್ಕು ಗಂಟೆಯ ಬಸ್ ಪ್ರಯಾಣ. ದಾರಿಯಲ್ಲಿ ಮೂತ್ರಕ್ಕೆ ಎಲ್ಲಿ ಇಳಿಯುವುದು ಎಂದುಕೊಂಡು ಅಂದು ಅವರು ನೀರಿನ ಮಾತ್ರೆ ಬಿಟ್ಟರು. ಮದುವೆ ಮನೆಯಲ್ಲಿ ಬಿರಿಯಾನಿ, ಉಪ್ಪಿನಕಾಯಿ, ಹಪ್ಪಳ. ಮರುದಿನ ಶುಕ್ರವಾರ. ಖುತುಬಾದ ನಡುವೆ ಎದ್ದು ಹೋಗುವಂತಾಗಬಾರದು, ವುಝೂ ಮುರಿಯಬಾರದು ಎಂದು ಅಂದೂ ಬಿಟ್ಟರು. ಶನಿವಾರ ಊರಿಗೆ ಮರಳುವ ಪ್ರಯಾಣ. ಮೂರನೆಯ ದಿನವೂ ಮಾತ್ರೆ ಇಲ್ಲ. ಅವರಿಗೆ ಏನೂ ಆಗಲಿಲ್ಲ. ‘ನೋಡಿ, ಆ ಮಾತ್ರೆ ಇಲ್ಲದೆಯೂ ಚೆನ್ನಾಗಿದ್ದೇನೆ’ ಎಂದು ನಕ್ಕರು.

ಭಾನುವಾರ ರಾತ್ರಿ 2 ಗಂಟೆಗೆ ಅವರು ಧಡಕ್ಕನೆ ಎದ್ದು ಕುಳಿತರು. ಉಸಿರು ಮೇಲಕ್ಕೆ ಬರುತ್ತಿಲ್ಲ. ಹಣೆಯಲ್ಲಿ ತಣ್ಣನೆಯ ಬೆವರು. ಪತ್ನಿ ಎದೆಗೆ ಬಾಮ್ ತಿಕ್ಕಿದರು. ಮಗ ಗ್ಯಾಸ್ ಇರಬಹುದೆಂದು ಸೋಡಾ ಕೊಟ್ಟ. ಕೊನೆಗೆ ಆಸ್ಪತ್ರೆಗೆ ಕೊಂಡೊಯ್ದಾಗ ವೈದ್ಯರು ಕೇಳಿದ ಮೊದಲ ಪ್ರಶ್ನೆ ಇದು: “ನೀರಿನ ಮಾತ್ರೆ ಬಿಟ್ಟು ಎಷ್ಟು ದಿನವಾಯಿತು?”

ಇಂಥ ಘಟನೆ ಹಲವು ಮನೆಗಳಲ್ಲಿ ನಡೆಯುತ್ತದೆ. ಆದರೆ ಆ ರಾತ್ರಿಯ ಅಪಾಯ ಏಕಾಏಕಿ ಬಂದದ್ದಲ್ಲ. ಮೂರು ದಿನಗಳಿಂದ ಅದು ಹೆಜ್ಜೆಯಿಟ್ಟು ಬರುತ್ತಿತ್ತು. ಆ ಹೆಜ್ಜೆಯ ಸದ್ದನ್ನು ಮನೆಯವರು ಕೇಳಿಸಿಕೊಳ್ಳುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಕಾಯಿಲೆ ಹೃದಯದ್ದು, ನೀರು ಶ್ವಾಸಕೋಶದಲ್ಲಿ ಏಕೆ?

ಆರೋಗ್ಯವಂತನ ಹೃದಯವು ವಿಶ್ರಾಂತಿಯಲ್ಲಿರುವಾಗಲೂ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಪಂಪ್ ಮಾಡುತ್ತದೆ. ಶ್ವಾಸಕೋಶದಿಂದ ಬಂದ ರಕ್ತವನ್ನು ಹೃದಯದ ಎಡಭಾಗ ಮುಂದಕ್ಕೆ ತಳ್ಳಬೇಕು. ಈ ಭಾಗ ದುರ್ಬಲವಾದರೆ ರಕ್ತ ಹಿಂದೆಯೇ ಉಳಿಯುತ್ತದೆ. ಚರಂಡಿ ಕಟ್ಟಿದಾಗ ನೀರು ಹಿಂದಕ್ಕೆ ಏರಿ ಅಂಗಳಕ್ಕೆ ಬರುವಂತೆ, ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿ ನೀರು ಗಾಳಿಯ ಚೀಲಗಳೊಳಗೆ ಜಿನುಗುತ್ತದೆ. ಗಾಳಿ ಇರಬೇಕಾದ ಜಾಗದಲ್ಲಿ ನೀರು ಬಂದರೆ ಉಸಿರು ಕಟ್ಟದೆ ಇನ್ನೇನಾದೀತು?

ಇದರ ಜೊತೆಗೆ ಇನ್ನೊಂದು ತೊಂದರೆಯಿದೆ. ಹೃದಯ ದುರ್ಬಲವಾದಾಗ ಕಿಡ್ನಿಗಳಿಗೆ ಬರುವ ರಕ್ತ ಕಡಿಮೆಯಾಗುತ್ತದೆ. ದೇಹದಲ್ಲಿ ನೀರು ಕಡಿಮೆಯಾಗಿದೆ ಎಂದು ಕಿಡ್ನಿಗಳು ತಪ್ಪಾಗಿ ತಿಳಿಯುತ್ತವೆ. ಉಪ್ಪು ಮತ್ತು ನೀರನ್ನು ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತವೆ. ಮೊದಲೇ ಹೆಚ್ಚಾಗಿರುವ ನೀರು ಇನ್ನಷ್ಟು ಹೆಚ್ಚುತ್ತದೆ. ವೈದ್ಯರು ಇದನ್ನು ‘ಹಾರ್ಟ್ ಫೈಲ್ಯೂರ್’ ಎನ್ನುತ್ತಾರೆ. ಈ ಹೆಸರು ಕೇಳಿ ಹೃದಯ ನಿಂತೇ ಹೋಯಿತು ಎಂದು ಗಾಬರಿಯಾಗಬೇಕಿಲ್ಲ. ಹೃದಯ ಕೆಲಸ ಮಾಡುತ್ತಿದೆ, ಆದರೆ ಬೇಕಾದಷ್ಟು ಮಾಡುತ್ತಿಲ್ಲ ಎಂದಷ್ಟೇ ಅರ್ಥ.

ಎಕೋ ವರದಿಯಲ್ಲಿ ಪಂಪಿಂಗ್ ಶೇ. 35 ಎಂದಿದ್ದರೆ ಶೇ. 65 ಹೃದಯ ಹಾಳಾಗಿದೆ ಎಂದು ಅನೇಕರು ಭಾವಿಸುತ್ತಾರೆ. ಅದು ಸರಿಯಲ್ಲ. ಆರೋಗ್ಯವಂತನ ಹೃದಯವೂ ಒಂದು ಬಡಿತದಲ್ಲಿ ತನ್ನೊಳಗಿನ ರಕ್ತವನ್ನು ಪೂರ್ತಿ ಹೊರಹಾಕುವುದಿಲ್ಲ. ಶೇ. 55ರಿಂದ 70ರಷ್ಟು ಹೊರಹಾಕಿದರೆ ಅದೇ ಸಹಜ. ಇನ್ನು ಕೆಲವರಿಗೆ ಪಂಪಿಂಗ್ ಸಹಜವಾಗಿದ್ದರೂ ಹೃದಯದ ಗೋಡೆ ಗಡುಸಾಗಿ ಇದೇ ತೊಂದರೆ ಬರುವುದುಂಟು. ಬಹುಕಾಲ ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವ ಹಿರಿಯ ಮಹಿಳೆಯರಲ್ಲಿ ಇದು ಹೆಚ್ಚು. ‘ಎಕೋ ನಾರ್ಮಲ್ ಇದೆ, ಉಮ್ಮನ ಏದುಸಿರು ವಯಸ್ಸಿನದ್ದು’ ಎಂದು ಸುಮ್ಮನಾಗಬೇಡಿ.

ಮಲಗಿದಾಗ ಹೆಚ್ಚುವುದೇಕೆ?

ಹಗಲಿನಲ್ಲಿ ನಿಂತು, ಕುಳಿತು ಇರುವಾಗ ಹೆಚ್ಚಿನ ನೀರು ಕಾಲುಗಳಿಗೆ ಇಳಿದಿರುತ್ತದೆ. ಅಂಗಾತ ಮಲಗಿದಾಗ ಅದು ಮರಳಿ ರಕ್ತಕ್ಕೆ ಸೇರಿ ಎದೆಯ ಕಡೆಗೆ ಬರುತ್ತದೆ. ದುರ್ಬಲ ಹೃದಯಕ್ಕೆ ಅದನ್ನು ನಿಭಾಯಿಸಲಾಗುವುದಿಲ್ಲ. ಆದ್ದರಿಂದಲೇ ಇಂಥ ರೋಗಿ ಒಂದು ದಿಂಬಿನಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಹೋಗುತ್ತಾನೆ. ಕೊನೆಗೆ ಕುರ್ಚಿಯಲ್ಲೇ ಕುಳಿತು ನಿದ್ರಿಸುತ್ತಾನೆ. ನಡುರಾತ್ರಿ ಎದ್ದು ಕಿಟಕಿ ತೆರೆದು ಗಾಳಿಗಾಗಿ ನಿಲ್ಲುವುದು ಇದರ ಮುಂದಿನ ಹಂತ.

ಬಾಗಿದಾಗಲೂ ಹೀಗೆಯೇ. ಚಪ್ಪಲಿ ಹಾಕಿಕೊಳ್ಳಲು ಬಗ್ಗಿದ ಅರ್ಧ ನಿಮಿಷದೊಳಗೆ ಉಸಿರು ಕಟ್ಟಿದರೆ ವೈದ್ಯರು ಅದನ್ನೊಂದು ಲಕ್ಷಣವಾಗಿ ಪರಿಗಣಿಸುತ್ತಾರೆ. ನಮ್ಮ ಮನೆಗಳಲ್ಲಿ ಇದು ಬೇಗ ಕಾಣಿಸುವುದು ವುಝೂ ಮಾಡುತ್ತಾ ಕಾಲು ತೊಳೆಯುವಾಗ ಮತ್ತು ಸುಜೂದ್‌ನಲ್ಲಿ. ನಿನ್ನೆಯವರೆಗೆ ನೆಲದಲ್ಲಿ ಸರಾಗವಾಗಿ ನಮಾಝ್ ಮಾಡುತ್ತಿದ್ದವರು ಇಂದು ಸುಜೂದ್‌ನಿಂದ ಬೇಗನೆ ತಲೆ ಎತ್ತುತ್ತಿದ್ದರೆ ಕಾರಣ ಕೇಳಿ. ಅವರಾಗಿ ಹೇಳುವುದಿಲ್ಲ.

ಮಾತ್ರೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ?

ಫ್ಯುರೋಸಮೈಡ್, ಟಾರ್ಸೆಮೈಡ್ ಎಂಬ ಔಷಧಗಳು ಹೆಚ್ಚು ಬಳಕೆಯಲ್ಲಿವೆ. ಇವು ಕಿಡ್ನಿಗೆ, ಹಿಡಿದಿಟ್ಟ ಉಪ್ಪನ್ನು ಬಿಡು ಎಂದು ಹೇಳುತ್ತವೆ. ಉಪ್ಪಿನ ಜೊತೆಗೆ ನೀರೂ ಹೋಗುತ್ತದೆ. ಫ್ಯುರೋಸಮೈಡ್ ನುಂಗಿದ ಒಂದು ಗಂಟೆಯೊಳಗೆ ಮೂತ್ರ ಹೆಚ್ಚುತ್ತದೆ. ಸುಮಾರು 6 ಗಂಟೆಗಳಲ್ಲಿ ಅದರ ಕೆಲಸ ಬಹುಮಟ್ಟಿಗೆ ಮುಗಿಯುತ್ತದೆ. ಸ್ಪೈರೊನೊಲ್ಯಾಕ್ಟೋನ್ ಎಂಬ ಇನ್ನೊಂದು ಮಾತ್ರೆಯನ್ನೂ ಕೆಲವರಿಗೆ ಕೊಡುತ್ತಾರೆ. ಅದರಿಂದ ಮೂತ್ರ ಅಷ್ಟಾಗಿ ಹೆಚ್ಚದಿದ್ದರೂ ಹೃದಯಕ್ಕೆ ದೀರ್ಘಕಾಲದ ರಕ್ಷಣೆ ಸಿಗುತ್ತದೆ.

ಇಲ್ಲಿ ಒಂದು ಮಾತನ್ನು ಚೆನ್ನಾಗಿ ತಿಳಿದುಕೊಳ್ಳಬೇಕು. ಫ್ಯುರೋಸಮೈಡ್‌ನಂಥ ಮಾತ್ರೆ ಅಂಗಳದ ನೀರನ್ನು ಹೊರಹಾಕುತ್ತದೆ. ಕಟ್ಟಿದ ಚರಂಡಿಯನ್ನು ಅದು ಸರಿಪಡಿಸುವುದಿಲ್ಲ. ಅಂದರೆ ಹೃದಯದ ದೌರ್ಬಲ್ಯ ಹಾಗೆಯೇ ಇದೆ, ನೀರು ಮತ್ತೆ ತುಂಬುತ್ತಲೇ ಇರುತ್ತದೆ. ಆದ್ದರಿಂದ ‘ಈಗ ಊತ ಇಳಿದಿದೆ, ಇನ್ನು ಮಾತ್ರೆ ಬೇಡ’ ಎಂಬ ಲೆಕ್ಕ ತಪ್ಪು. ಮಾತ್ರೆ ಬಿಟ್ಟ ಮೊದಲ ದಿನ ಏನೂ ಆಗದಿರುವುದು ಅದು ಬೇಡ ಎಂಬುದಕ್ಕೆ ಸಾಕ್ಷಿಯಲ್ಲ. ನೀರು ತುಂಬಲು ಒಂದೆರಡು ದಿನ ಬೇಕು, ಅಷ್ಟೇ.

ಮಾತ್ರೆ ತಪ್ಪಿಸದಿದ್ದರೂ ಏದುಸಿರು ಬಂದರೆ?

ಇದಕ್ಕೂ ಕಾರಣಗಳಿವೆ. ಮನೆಯವರು ಒಂದೊಂದಾಗಿ ಪರಿಶೀಲಿಸಬಹುದು.

ಉಪ್ಪು: ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ವಯಸ್ಕರಿಗೂ ಹೇಳುವ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚಕ್ಕಿಂತ ಕಡಿಮೆ. ಹೃದ್ರೋಗಿಗೆ ಎಷ್ಟು ಎಂದು ಅವರ ವೈದ್ಯರೇ ಹೇಳಬೇಕು. ಗಂಜಿಯ ಜೊತೆಗಿನ ಉಪ್ಪಿನಕಾಯಿ, ಒಣಮೀನು, ಹಪ್ಪಳ, ಬೇಕರಿಯ ಖಾರದ ತಿಂಡಿ, ಪ್ಯಾಕೆಟ್ ಚಿಪ್ಸ್, ಇನ್‌ಸ್ಟಂಟ್ ನೂಡಲ್ಸ್ ಇವೆಲ್ಲವೂ ಉಪ್ಪಿನ ಗಣಿಗಳು. ಗ್ಯಾಸ್‌ಗೆಂದು ಕುಡಿಯುವ ನೊರೆ ಬರುವ ಪುಡಿಗಳಲ್ಲೂ ಸೋಡಿಯಂ ಬಹಳಷ್ಟಿದೆ. ಒಂದು ಹೊತ್ತಿನ ಉಪ್ಪು ಒಂದು ದಿನದ ಮಾತ್ರೆಯ ಕೆಲಸವನ್ನು ಕೆಡಿಸಬಲ್ಲದು.

ನೋವಿನ ಮಾತ್ರೆ: ಮೊಣಕಾಲು ನೋವಿಗೆಂದು ಅಂಗಡಿಯಿಂದ ತರುವ ಡೈಕ್ಲೋಫೆನಾಕ್, ಐಬುಪ್ರೊಫೇನ್‌ಗಳು ಕಿಡ್ನಿಯು ಮತ್ತೆ ಉಪ್ಪು ನೀರನ್ನು ಹಿಡಿದಿಟ್ಟುಕೊಳ್ಳುವಂತೆ ಮಾಡುತ್ತವೆ. ನೀರಿನ ಮಾತ್ರೆಯ ಪರಿಣಾಮವನ್ನು ಕುಗ್ಗಿಸುತ್ತವೆ. ಹೃದಯ ದುರ್ಬಲವಾಗಿರುವವರು ಇವನ್ನು ತಾವಾಗಿ ನುಂಗಬಾರದು. ನೋವಿಗೆ ಏನು ತೆಗೆದುಕೊಳ್ಳಬಹುದೆಂದು ವೈದ್ಯರಲ್ಲಿ ಕೇಳಿ.

ಊದಿಕೊಂಡ ಕರುಳು: ದೇಹದಲ್ಲಿ ನೀರು ಹೆಚ್ಚಾದಾಗ ಕರುಳಿನ ಗೋಡೆಯೂ ಊದಿಕೊಳ್ಳುತ್ತದೆ. ಆಗ ಫ್ಯುರೋಸಮೈಡ್ ಮಾತ್ರೆ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ‘ಮೊದಲಿನಂತೆ ಮೂತ್ರ ಹೋಗುತ್ತಿಲ್ಲ’ ಎಂದು ರೋಗಿ ಹೇಳಿದರೆ ಅದನ್ನು ವೈದ್ಯರಿಗೆ ತಿಳಿಸಿ. ಕೆಲವೊಮ್ಮೆ ಇಂಜೆಕ್ಷನ್ ಮೂಲಕ ಕೊಡಬೇಕಾಗುತ್ತದೆ, ಇಲ್ಲವೇ ಮಾತ್ರೆ ಬದಲಿಸಬೇಕಾಗುತ್ತದೆ.

ಬೇರೆ ಕಾರಣಗಳು: ಹೃದ್ರೋಗಿಯ ಏದುಸಿರೆಲ್ಲವೂ ನೀರಿನದ್ದಲ್ಲ. ರಕ್ತಹೀನತೆ, ನ್ಯುಮೋನಿಯಾ, ಆಸ್ತಮಾ, ಹೃದಯ ಬಡಿತದ ಏರುಪೇರು, ಕಿಡ್ನಿ ತೊಂದರೆ, ಥೈರಾಯ್ಡ್, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು, ಮತ್ತೊಂದು ಹೃದಯಾಘಾತ, ಇವುಗಳಲ್ಲಿ ಯಾವುದೂ ಆಗಿರಬಹುದು. ಸಕ್ಕರೆ ಕಾಯಿಲೆಯವರಿಗೆ ಎದೆನೋವಿಲ್ಲದೆಯೇ ಹೃದಯಾಘಾತ ಆಗುವುದುಂಟು. ಏದುಸಿರು ಮಾತ್ರ ಕಾಣಿಸುತ್ತದೆ. ಆದ್ದರಿಂದ ಮನೆಯಲ್ಲೇ ಒಂದು ನೀರಿನ ಮಾತ್ರೆ ಹೆಚ್ಚು ಕೊಟ್ಟು ಕಾಯುತ್ತಾ ಕುಳಿತುಕೊಳ್ಳುವುದು ಅಪಾಯ.

ತೂಕದ ಯಂತ್ರ ಹೇಳುವ ಸತ್ಯ

ದೇಹದಲ್ಲಿ ಒಂದು ಲೀಟರ್ ನೀರು ಹೆಚ್ಚಾದರೆ ತೂಕ ಒಂದು ಕಿಲೋ ಹೆಚ್ಚುತ್ತದೆ. ಎರಡು ದಿನಗಳಲ್ಲಿ ಯಾರೂ ಎರಡು ಕಿಲೋ ಕೊಬ್ಬು ಬೆಳೆಸಿಕೊಳ್ಳುವುದಿಲ್ಲ. ಹಾಗೆ ಹೆಚ್ಚಿದ ತೂಕ ನೀರಿನದ್ದೇ. ಕಾಲು ಊದಿಕೊಳ್ಳುವ ಮುನ್ನ, ಉಸಿರು ಕಟ್ಟುವ ಮುನ್ನ ತೂಕದ ಯಂತ್ರ ಇದನ್ನು ಹೇಳಿಬಿಡುತ್ತದೆ.

ಕ್ರಮ ಹೀಗಿರಲಿ: ದಿನವೂ ಬೆಳಿಗ್ಗೆ, ಮೂತ್ರ ಮಾಡಿ ಬಂದ ಮೇಲೆ, ತಿಂಡಿಗೆ ಮೊದಲು, ಅದೇ ಯಂತ್ರದಲ್ಲಿ, ಅಷ್ಟೇ ತೂಕದ ಬಟ್ಟೆಯಲ್ಲಿ ತೂಗಿ ನೋಡಿ. ಫಜ್ರ್ ನಮಾಝ್‌ನ ನಂತರದ ಹೊತ್ತು ಇದಕ್ಕೆ ಸೂಕ್ತ. ಒಂದು ನೋಟ್‌ಬುಕ್‌ನಲ್ಲಿ ನಾಲ್ಕು ವಿಷಯಗಳನ್ನು ಬರೆದಿಡಿ. ತೂಕ ಎಷ್ಟು? ರಾತ್ರಿ ಎಷ್ಟು ದಿಂಬು ಬೇಕಾಯಿತು? ಕಾಲಿನಲ್ಲಿ ಊತವಿದೆಯೇ? ನೀರಿನ ಮಾತ್ರೆ ಸೇವಿಸಿದರೇ?

ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ನೀರು ಇಳಿದ ನಂತರದ ತೂಕ ಎಷ್ಟಿತ್ತೆಂದು ಕೇಳಿ ಬರೆದುಕೊಳ್ಳಿ. ಮುಂದಿನ ದಿನಗಳಲ್ಲಿ ಅದೇ ನಿಮ್ಮ ಅಳತೆಗೋಲು. ಮೂರು ದಿನಗಳಲ್ಲಿ ತೂಕ 2 ಕಿಲೋಗಿಂತ ಹೆಚ್ಚಿದರೆ, ರೋಗಿ ಚೆನ್ನಾಗಿದ್ದೇನೆ ಎಂದರೂ ಅಂದೇ ವೈದ್ಯರನ್ನು ಸಂಪರ್ಕಿಸಿ. ತೂಕ ಹೆಚ್ಚಿದಾಗ ಏನು ಮಾಡಬೇಕೆಂದು ಕೆಲವು ವೈದ್ಯರು ಮೊದಲೇ ಬರೆದುಕೊಡುತ್ತಾರೆ. ನಿಮ್ಮ ವೈದ್ಯರಲ್ಲೂ ಅದನ್ನು ಕೇಳಿ ಪಡೆಯಿರಿ. ತೂಕ ಹೆಚ್ಚದೆಯೇ ಏದುಸಿರು ಬಂದರೆ ಕಾರಣ ಬೇರೆ ಇರಬಹುದು. ಆಗ ಇನ್ನೂ ತಡಮಾಡಬಾರದು.

ಊತ ನೋಡಲು ಕಣಕಾಲಿನ ಮೇಲೆ ಬೆರಳಿನಿಂದ ಕೆಲವು ಕ್ಷಣ ಒತ್ತಿ ಹಿಡಿಯಿರಿ. ಬೆರಳು ತೆಗೆದ ಮೇಲೆ ಗುಳಿ ಉಳಿದರೆ ಅಲ್ಲಿ ನೀರಿದೆ. ಆದರೆ ರಕ್ತದೊತ್ತಡಕ್ಕೆ ಕೊಡುವ ಅಮ್ಲೋಡಿಪಿನ್ ಮಾತ್ರೆಯಿಂದಲೂ ಕಾಲು ಊದುವುದುಂಟು. ಆದ್ದರಿಂದ ಊತವೊಂದನ್ನೇ ನೋಡದೆ ತೂಕ, ದಿಂಬು, ಊತ ಮೂರನ್ನೂ ಒಟ್ಟಿಗೆ ನೋಡಬೇಕು.

ನೀರು ಅತಿಯಾಗಿ ಹೋದರೂ ಅಪಾಯ

ಬೇಧಿ, ವಾಂತಿ, ಜ್ವರ, ಬಿರು ಬೇಸಿಗೆಯ ಬೆವರು ಇರುವಾಗ ಅದೇ ಪ್ರಮಾಣದ ಮಾತ್ರೆ ಹೆಚ್ಚಾಗಬಹುದು. ಎದ್ದು ನಿಂತಾಗ ಕಣ್ಣು ಕತ್ತಲೆ ಬರುವುದು, ಬಾಯಿ ಒಣಗುವುದು, ಮೂತ್ರ ಕಡಿಮೆಯಾಗುವುದು, ತೂಕ ಬೇಗನೆ ಇಳಿಯುವುದು, ಮಂಕುತನ ಇವು ಅದರ ಸೂಚನೆಗಳು. ಕೂಡಲೇ ವೈದ್ಯರಿಗೆ ತಿಳಿಸಿದರೆ ಅವರು ಮಾತ್ರೆಯನ್ನು ತಾತ್ಕಾಲಿಕವಾಗಿ ಕಡಿಮೆ ಮಾಡಬಹುದು.

ಪೊಟ್ಯಾಸಿಯಂ ವಿಷಯದಲ್ಲಿ ಎಚ್ಚರ ಬೇಕು. ಫ್ಯುರೋಸಮೈಡ್‌ನಿಂದ ಪೊಟ್ಯಾಸಿಯಂ ಕಡಿಮೆಯಾಗಿ ಕಾಲು ಸೆಳೆತ, ಸುಸ್ತು, ಹೃದಯ ಬಡಿತದ ಏರುಪೇರು ಬರಬಹುದು. ಸ್ಪೈರೊನೊಲ್ಯಾಕ್ಟೋನ್‌ನಿಂದ ಅದು ಹೆಚ್ಚಾಗಬಹುದು. ಎರಡೂ ಜೀವಕ್ಕೆ ಅಪಾಯಕಾರಿ. ಸುಸ್ತಾಗಿದೆ ಎಂದು ದಿನಕ್ಕೆರಡು ಎಳನೀರು ಕುಡಿಸುವುದು ನಮ್ಮಲ್ಲಿ ವಾಡಿಕೆ. ಎಳನೀರಿನಲ್ಲಿ ಪೊಟ್ಯಾಸಿಯಂ ಬಹಳ ಇದೆ. ಅಂಗಡಿಗಳಲ್ಲಿ ಸಿಗುವ ‘ಲೋ ಸೋಡಿಯಂ’ ಉಪ್ಪಿನಲ್ಲೂ ಪೊಟ್ಯಾಸಿಯಂ ಇರುತ್ತದೆ. ಸ್ಪೈರೊನೊಲ್ಯಾಕ್ಟೋನ್ ಸೇವಿಸುವವರಿಗೆ, ಕಿಡ್ನಿ ದುರ್ಬಲವಾಗಿರುವವರಿಗೆ ಇವೆರಡೂ ಹಾನಿ ಮಾಡಬಹುದು. ವೈದ್ಯರು ಹೇಳಿದ ಸಮಯಕ್ಕೆ ಕ್ರಿಯಾಟಿನಿನ್, ಸೋಡಿಯಂ, ಪೊಟ್ಯಾಸಿಯಂ ರಕ್ತಪರೀಕ್ಷೆ ಮಾಡಿಸಿ. ಏನು ಕುಡಿಯಬಹುದು, ದಿನಕ್ಕೆ ಎಷ್ಟು ನೀರು ಎಂಬುದನ್ನು ಆ ವರದಿ ನೋಡಿ ಅವರೇ ಹೇಳಲಿ.

ವುಝೂ, ಪ್ರಯಾಣ ಮತ್ತು ರಮಝಾನ್

ಮೇಲಿನ ಮನೆಯ ಹಿರಿಯರು ಮಾತ್ರೆ ಬಿಟ್ಟದ್ದು ಉದಾಸೀನದಿಂದಲ್ಲ. ಮುಜುಗರದಿಂದ ಮತ್ತು ಇಬಾದತ್‌ಗೆ ತೊಡಕಾಗಬಾರದೆಂಬ ಕಾಳಜಿಯಿಂದ. ಅವರನ್ನು ಗದರಿಸಿ ಪ್ರಯೋಜನವಿಲ್ಲ. ಅದಕ್ಕೊಂದು ದಾರಿ ತೋರಿಸಬೇಕು. ಮಾತ್ರೆಯ ಪ್ರಭಾವ ಕೆಲವು ಗಂಟೆಗಳದ್ದು ಎಂದು ನೋಡಿದೆವಲ್ಲ? ಹಾಗಾದರೆ ಮಾತ್ರೆಯನ್ನು ತಪ್ಪಿಸುವ ಬದಲು ಅದರ ಸಮಯವನ್ನು ಸರಿಸಬಹುದು. ಶುಕ್ರವಾರ ಬೆಳಿಗ್ಗೆ ಬೇಗನೆ ಸೇವಿಸಿದರೆ ಜುಮಾದ ಹೊತ್ತಿಗೆ ಅದರ ಜೋರು ಇಳಿದಿರುತ್ತದೆ. ಇಲ್ಲವೇ ಜುಮಾ ಮುಗಿಸಿ ಬಂದ ಕೂಡಲೇ ಸೇವಿಸಬಹುದು. ಪ್ರಯಾಣದ ದಿನ ಊರು ತಲುಪಿದ ಮೇಲೆ ಸೇವಿಸಬಹುದು. ನಿಮ್ಮ ಹಿರಿಯರಿಗೆ ಎಷ್ಟು ಗಂಟೆಯವರೆಗೆ ಸರಿಸಬಹುದೆಂದು ಮುಂದಿನ ಭೇಟಿಯಲ್ಲಿ ವೈದ್ಯರಲ್ಲಿ ಕೇಳಿಡಿ. ಸಂಜೆಯ ನಂತರ ಬೇಡ. ರಾತ್ರಿ ಕತ್ತಲಲ್ಲಿ ಮೂತ್ರಕ್ಕೆ ಏಳುವಾಗ ಬಿದ್ದು ಸೊಂಟ ಮುರಿದುಕೊಳ್ಳುವವರಿದ್ದಾರೆ.

ನಿಲ್ಲಲು, ಬಾಗಲು ಆಗದವರಿಗೆ ಕುಳಿತು ನಮಾಝ್ ಮಾಡುವ ಅನುಮತಿಯಿದೆ. ಮೂತ್ರ ನಿಯಂತ್ರಣದಲ್ಲಿಲ್ಲದವರಿಗೂ ರಿಯಾಯಿತಿಗಳಿವೆ. ವಿವರವನ್ನು ಮಸೀದಿಯ ಉಸ್ತಾದರಲ್ಲಿ ಕೇಳಿ. ಕೇಳಲು ನಾಚಿ ಮಾತ್ರೆ ಬಿಡುವುದು ಬೇಡ.

ರಮಝಾನ್ ಉಪವಾಸದಲ್ಲಿ ರೋಗಿಗೆ ವಿನಾಯಿತಿ ಇರುವುದು ಎಲ್ಲರಿಗೂ ತಿಳಿದಿದೆ. ಆದರೂ ‘ಇಷ್ಟು ವರ್ಷ ಒಂದನ್ನೂ ಬಿಟ್ಟಿಲ್ಲ’ ಎಂದು ಹಟ ಹಿಡಿಯುವ ಹಿರಿಯರಿದ್ದಾರೆ. ಏದುಸಿರು ಇನ್ನೂ ಇರುವವರಿಗೆ, ನೀರಿನ ಮಾತ್ರೆ ಹೆಚ್ಚು ಪ್ರಮಾಣದಲ್ಲಿ ಬೇಕಾಗಿರುವವರಿಗೆ, ಇತ್ತೀಚೆಗೆ ಆಸ್ಪತ್ರೆ ಸೇರಿದ್ದವರಿಗೆ ಉಪವಾಸ ಅಪಾಯಕಾರಿ. ಸಹರಿಗೆ ಮಾತ್ರೆ ಸೇವಿಸಿದರೆ ಹಗಲೆಲ್ಲ ನೀರು ಹೋಗಿ ಕುಡಿಯಲಾಗದೆ ರಕ್ತದೊತ್ತಡ ಕುಸಿಯಬಹುದು. ಬಿಟ್ಟರೆ ನೀರು ತುಂಬುತ್ತದೆ. ಹೃದಯಕ್ಕೂ ಸಕ್ಕರೆಗೂ ಕೊಡುವ ಡಾಪಾಗ್ಲಿಫ್ಲೋಜಿನ್‌ನಂಥ ಮಾತ್ರೆ ಜೊತೆಗಿದ್ದರೆ ಇನ್ನೂ ಎಚ್ಚರ ಬೇಕು. ಕಾಯಿಲೆ ಹತೋಟಿಯಲ್ಲಿರುವ ಕೆಲವರಿಗೆ ವೈದ್ಯರು ಅನುಮತಿ ಕೊಡಬಹುದು. ಅದನ್ನು ನಿರ್ಧರಿಸಲು ಶಅಬಾನ್ ತಿಂಗಳಲ್ಲೇ ಅವರನ್ನು ಕಾಣಿರಿ. ಉಪವಾಸ ಇಲ್ಲದಿದ್ದರೂ ಇಫ್ತಾರ್‌ನ ಸಮೋಸ, ಕಟ್ಲೆಟ್, ಉಪ್ಪು ಹಾಕಿದ ಶರಬತ್ತುಗಳು ಹಿರಿಯರ ತಟ್ಟೆಗೆ ಬರುತ್ತವೆ ಎಂಬುದನ್ನು ಮರೆಯಬೇಡಿ.

ತಕ್ಷಣ ಆಸ್ಪತ್ರೆಗೆ ಹೊರಡಬೇಕಾದದ್ದು ಯಾವಾಗ?

ಸುಮ್ಮನೆ ಕುಳಿತಿರುವಾಗಲೂ ಏದುಸಿರು, ಒಂದು ವಾಕ್ಯ ಪೂರ್ತಿ ಮಾತನಾಡಲಾಗದಿರುವುದು, ಗುಲಾಬಿ ಬಣ್ಣದ ನೊರೆ ಕಫ, ಎದೆನೋವು, ತುಟಿ ನೀಲಿಗಟ್ಟುವುದು, ತಣ್ಣನೆಯ ಬೆವರು, ಎಚ್ಚರ ತಪ್ಪುವುದು ಇವುಗಳಲ್ಲಿ ಒಂದಿದ್ದರೂ ಕಾಯಬೇಡಿ.

ಕರ್ನಾಟಕದಲ್ಲಿ 108ಕ್ಕೆ ಕರೆ ಮಾಡಿ. ಆಂಬ್ಯುಲೆನ್ಸ್ ಬರುವವರೆಗೆ ರೋಗಿಯನ್ನು ಮಲಗಿಸಬೇಡಿ. ಬೆನ್ನಿಗೆ ಆಸರೆ ಕೊಟ್ಟು ನೇರವಾಗಿ ಕೂರಿಸಿ, ಕಾಲುಗಳನ್ನು ಕೆಳಗೆ ಇಳಿಬಿಡಿ. ಕಿಟಕಿ ತೆರೆಯಿರಿ, ಸುತ್ತ ಗುಂಪು ಕಟ್ಟಬೇಡಿ. ಏದುತ್ತಿರುವವರ ಬಾಯಿಗೆ ನೀರು, ಹಾಲು ಹಾಕಬೇಡಿ. ಮೆಟ್ಟಿಲು ಇಳಿಸುವಾಗ ನಡೆಸದೆ ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹೋಗಿ. ಮಾತ್ರೆಗಳ ಚೀಲವನ್ನೂ ತೂಕದ ನೋಟ್‌ಬುಕ್ಕನ್ನೂ ಜೊತೆಗೆ ಒಯ್ಯಿರಿ. ಮಾತ್ರೆ ತಪ್ಪಿಸಿದ್ದರೆ ಮುಚ್ಚಿಡದೆ ಹೇಳಿ.

ಆ ಮನೆಯ ಹಿರಿಯರು ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು ಎಂದಿಟ್ಟುಕೊಳ್ಳೋಣ. ಈಗ ಅವರ ಕೋಣೆಯ ಮೂಲೆಯಲ್ಲಿ ಒಂದು ತೂಕದ ಯಂತ್ರವಿದೆ. ಫಜ್ರ್ ಮುಗಿಸಿ ಅದರ ಮೇಲೆ ನಿಂತು ಮೊಮ್ಮಗಳನ್ನು ಕರೆಯುತ್ತಾರೆ. ಅವಳು ಅಂಕಿ ಓದಿ ನೋಟ್‌ಬುಕ್‌ನಲ್ಲಿ ಬರೆಯುತ್ತಾಳೆ. “ಅಜ್ಜಾ, ರಾತ್ರಿ ಎಷ್ಟು ದಿಂಬು?” ಎಂದು ಕೇಳುತ್ತಾಳೆ. ಒಂದು ನಿಮಿಷದ ಕೆಲಸ. ಮದುವೆಯ ಮರುದಿನ ಬೆಳಿಗ್ಗೆ ಯಾರಾದರೂ ಆ ಪ್ರಶ್ನೆ ಕೇಳಿದ್ದರೆ ಭಾನುವಾರದ ಆ ರಾತ್ರಿ ಬಾರದೆ ಹೋಗಬಹುದಿತ್ತು. ನಿಮ್ಮ ಮನೆಯಲ್ಲೂ ನೀರಿನ ಮಾತ್ರೆ ಸೇವಿಸುವವರಿದ್ದರೆ ನಾಳೆ ಬೆಳಿಗ್ಗೆಯೇ ಕೇಳಿ.